ಸುಝಾನ್ ಲೆಂಗ್ಲೆನ್

ಲಾನ್ ಟೆನಿಸ್ ಎಂಬುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಸಿರಿವಂತರ ಹುಲ್ಲುಹಾಸಿನ ಮೇಲೆ ಬೆಳೆದುಬಂದ ಆಟ. ಲಂಡನ್ನಿನ ಸಮೀಪದ ವಿಂಬಲ್ಡನ್ನಿನಲ್ಲಿ 1877ರಲ್ಲಿ ಪುರುಷರ ಸ್ಪರ್ಧೆಗಳು ಆರಂಭವಾದವು. ಸ್ತ್ರೀಯರಿಗೆ ಅಲ್ಲಿ ಪ್ರವೇಶ ದೊರೆತುದು ಏಳು ವರ್ಷಗಳ ತರುವಾಯ, 1884ರಲ್ಲಿ. ಆ ಕಾಲದ ಆಟಗಾರ್ತಿಯರು ಪಾದವನ್ನು ಮುಟ್ಟುವಷ್ಟು ಉದ್ದನೆಯ ಲಂಗ, ಮಣಿಕಟ್ಟಿನವರೆಗೆ ಇಳಿದ ತೋಳು, ಉಸಿರು ಕಟ್ಟುವಂತೆ ಸೊಂಟವನ್ನು ಬಿಗಿದ ಒಳಗವಚ, ತಲೆಗೆ ಟೊಪ್ಪಿಗೆ, ಇಷ್ಟನ್ನೂ ಧರಿಸಿ ಅಂಗಣಕ್ಕೆ ಇಳಿಯುತ್ತಿದ್ದರು. ಇಂತಹ ಉಡುಪಿನಲ್ಲಿ ಓಡುವುದೆಲ್ಲಿ ಬಂತು, ಜಿಗಿಯುವುದೆಲ್ಲಿ ಬಂತು! ಓಟವೂ ನೆಗೆತವೂ ಸ್ತ್ರೀಯ ದೇಹಕ್ಕೆ ಒಗ್ಗುವ ಕಾರ್ಯಗಳಲ್ಲ ಎಂಬುದು ಅಂದಿನ ಸಮಾಜದ ದೃಢವಾದ ನಂಬಿಕೆಯಾಗಿತ್ತು. ಆಟದಿಂದ ಹಣ ಸಂಪಾದಿಸುವುದು ಮರ್ಯಾದಸ್ತರಿಗೆ ತಕ್ಕುದಲ್ಲ ಎಂಬುದು ಇನ್ನೊಂದು ನಂಬಿಕೆ. ಈ ಎರಡು ನಂಬಿಕೆಗಳನ್ನೂ ಒಂದಾದ ಮೇಲೊಂದರಂತೆ ಎದುರಿಸಿ ನಿಂತವಳು ಫ್ರಾನ್ಸ್ ದೇಶದ ಸುಝಾನ್ ಲೆಂಗ್ಲೆನ್.

ಸುಝಾನ್ 1899ನೆಯ ಇಸವಿ ಮೇ 24ರಂದು ಪ್ಯಾರಿಸ್ ನಗರದಲ್ಲಿ ಜನಿಸಿದಳು. ತಂದೆ ಷಾರ್ಲ್ ಲೆಂಗ್ಲೆನ್ ಕುದುರೆಗಾಡಿಗಳ ಉದ್ದಿಮೆಯಿಂದ ಅನುಕೂಲಸ್ಥನಾಗಿದ್ದವನು, ತಾಯಿ ಅನಾಯಿಸ್. ಬೇಸಗೆಯಲ್ಲಿ ಈ ಕುಟುಂಬವು ಉತ್ತರ ಫ್ರಾನ್ಸಿನ ಕೊಂಪ್ಯೇನ್ ಪಟ್ಟಣದ ಬಳಿಯ ಹಳ್ಳಿಮನೆಯಲ್ಲಿಯೂ ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರತೀರದ ನೀಸ್ ನಗರದಲ್ಲಿಯೂ ವಾಸಿಸುತ್ತಿತ್ತು. ಮಗು ಹುಟ್ಟಿದಂದಿನಿಂದ ಸೊರಗಿದ ಮೈಯದು. ಗೂರಲು ಆಕೆಯನ್ನು ಬಾಲ್ಯದಲ್ಲಿಯೇ ಹಿಡಿಯಿತು. ಒಂದು ಕಾಯಿಲೆ ಬಿಟ್ಟರೆ ಮತ್ತೊಂದು ಕಾಡುತ್ತಿತ್ತು. ಶುದ್ಧವಾದ ಗಾಳಿಯಲ್ಲಿ ನಾಲ್ಕು ಹೆಜ್ಜೆ ಓಡಾಡಿದರೆ ಮಗಳ ಮೈ ಗಟ್ಟಿಯಾದೀತೆಂಬ ಆಸೆಯಿಂದ ತಂದೆಯು 1910ರಲ್ಲಿ ಆಕೆಗೊಂದು ಆಟಿಕೆಯ ರಾಕೆಟ್ಟನ್ನು ತಂದುಕೊಟ್ಟನು. ಮನೆಯ ಮುಂದಿನ ಹುಲ್ಲಿನ ಮೇಲೆಯೇ ಅಂಗಣದ ಗೆರೆಗಳನ್ನು ಎಳೆದದ್ದಾಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಇದು ಆಟಿಕೆಯಿಂದ ತೀರುವ ವಿಷಯವಲ್ಲವೆಂದು ಅರಿತ ತಂದೆ ನಿಜವಾದ ರಾಕೆಟ್ಟನ್ನೇ ಕೊಳ್ಳಬೇಕಾಯಿತು.

ಷಾರ್ಲ್ ಲೆಂಗ್ಲೆನ್ ಸ್ವತಃ ಹೇಳಿಕೊಳ್ಳುವಂತಹ ಟೆನಿಸ್ ಆಟಗಾರನಲ್ಲ. ಆದರೆ ಆತನ ಕಣ್ಣು ಸೂಕ್ಷ್ಮವಾದುದು. ನೀಸ್ ನಗರದಲ್ಲಿ ಅವರ ಮನೆಯ ಎದುರಿಗೇ ಟೆನಿಸ್ ಕ್ಲಬ್ಬಿನ ಅಂಗಣಗಳಿದ್ದವು. ಚಳಿಗಾಲದಲ್ಲಿ ಯೂರೋಪಿನ ಹೆಸರಾಂತ ಆಟಗಾರರು ಅಲ್ಲಿಗೆ ಬರುತ್ತಿದ್ದರು. ಸ್ತ್ರೀಯರು ನಿಂತಲ್ಲಿಯೇ ನಿಂತು ಚೆಂಡನ್ನು ಮೆಲ್ಲನೆ ಬಲೆಯಾಚೆಗೆ ದಾಟಿಸುವುದನ್ನೂ, ಪುರುಷರು ಮುನ್ನುಗ್ಗಿ ಬಂದು ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವುದನ್ನೂ ಆತನು ಗಮನಿಸಿದನು. ಪುರುಷರ ಆಟವನ್ನು ಮಗಳೇಕೆ ಆಡಬಾರದು? ಈ ಪ್ರಶ್ನೆ ಆತನ ತಲೆಯನ್ನು ಹೊಕ್ಕಿತು. ಅಂದಿನಿಂದ ಸುಝಾನಳ ಅಭ್ಯಾಸವು ಹೆಚ್ಚಾಗಿ ಪುರುಷ ಆಟಗಾರರೊಡನೆ ನಡೆಯಿತು.

ಸೊರಗಿದ ಹುಡುಗಿ ಬಲಶಾಲಿಗಳಾದ ಪುರುಷರಂತೆ ಚೆಂಡನ್ನು ಅಪ್ಪಳಿಸಲಾರಳೆಂಬುದನ್ನು ತಂದೆ ಮರೆಯಲಿಲ್ಲ. ತೋಳಿನ ಬಲದಲ್ಲಿ ಇದ್ದ ಕೊರತೆಯನ್ನು ಗುರಿಯ ಖಚಿತತೆಯಿಂದ ತುಂಬಬೇಕೆಂದು ಆತನು ನಿಶ್ಚಯಿಸಿದನು. ಬಲೆಯ ಆಚೆಗಿನ ಅಂಗಣದಲ್ಲಿ ಒಂದು ಕರವಸ್ತ್ರವನ್ನು ಹಾಸುವುದು. ಚೆಂಡು ಅದರ ಮೇಲೆಯೇ ಬೀಳಬೇಕು. ಒಮ್ಮೆ ಬಿದ್ದರೆ ಸಾಲದು, ಮತ್ತೆ ಮತ್ತೆ ಬೀಳಬೇಕು. ಅದು ಸಾಧಿಸಿತೆಂದೊಡನೆ ಕರವಸ್ತ್ರವನ್ನು ಮಡಿಸಿ ಗುರಿಯನ್ನು ಕಿರಿದುಗೊಳಿಸುವುದು. ಇದರ ಜೊತೆಗೆ ಓಟ, ಹಗ್ಗದಾಟ, ಈಜು. ಗುರಿ ತಪ್ಪಿದ ದಿನ ತಂದೆಯ ಬಾಯಿಂದ ಬರುತ್ತಿದ್ದ ಮಾತು ಕಟುವಾದದ್ದು. ಎಳೆಯ ಹುಡುಗಿಯನ್ನು ಹೀಗೆ ದಂಡಿಸಿದ್ದು ಸರಿಯೇ ಎಂಬ ಸಂಶಯ ಓದುವವರಲ್ಲಿ ಮೂಡದಿರದು. ಸುಝಾನ್ ತನ್ನ ಜೀವನದುದ್ದಕ್ಕೂ ಅಂಗಣದ ಅಂಚಿನಲ್ಲಿ ಕುಳಿತ ತಂದೆಯ ಮುಖವನ್ನು ನೋಡಿ ನೋಡಿ ಆಡಿದಳು. ಆಟದ ನಡುವೆ ಎದೆಗುಂದಿದಾಗ ಆತನು ಬ್ರಾಂದಿಯಲ್ಲಿ ನೆನೆಸಿದ ಸಕ್ಕರೆಯ ಅಚ್ಚುಗಳನ್ನು ಆಕೆಯತ್ತ ಎಸೆಯುತ್ತಿದ್ದನು. ಆಕೆಯ ಕೌಶಲವೂ ಆಕೆಯ ಉದ್ವೇಗದ ಸ್ವಭಾವವೂ ಒಂದೇ ಮೂಲದಿಂದ ಬಂದವೆಂದು ತೋರುತ್ತದೆ.

ರಾಕೆಟ್ ಹಿಡಿದ ನಾಲ್ಕೇ ವರ್ಷಗಳಲ್ಲಿ, 1914ರಲ್ಲಿ, ಸುಝಾನ್ ಫ್ರೆಂಚ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯವನ್ನು ತಲಪಿ ಮಾರ್ಗರೀತ್ ಬ್ರೋಕೆಡಿಸಳಿಗೆ ಸೋತಳು. ಕೆಲವೇ ದಿನಗಳಲ್ಲಿ ಪ್ಯಾರಿಸಿನ ಹೊರವಲಯದಲ್ಲಿ ನಡೆದ ವಿಶ್ವ ಹಾರ್ಡ್‌ಕೋರ್ಟ್ ಚಾಂಪಿಯನ್‌ಷಿಪ್ಪನ್ನು ಗೆದ್ದಳು. ಆಗ ಆಕೆಗೆ ತುಂಬಿದ್ದುದು ಹದಿನೈದು ವರ್ಷ. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧದ ಬೆಂಕಿ ಯೂರೋಪನ್ನು ಆವರಿಸಿತು. ಕ್ರೀಡೋತ್ಸವಗಳೆಲ್ಲ ನಿಂತುಹೋದವು. ನೀಸ್ ನಗರದಲ್ಲಿ ಮಾತ್ರ ಕರವಸ್ತ್ರದ ಅಭ್ಯಾಸವು ನಿಲ್ಲಲಿಲ್ಲ.

ಯುದ್ಧ ಮುಗಿದು 1919ರಲ್ಲಿ ವಿಂಬಲ್ಡನ್ ಮತ್ತೆ ಬಾಗಿಲು ತೆರೆಯಿತು. ಸುಝಾನ್ ಹುಲ್ಲಿನ ಅಂಗಣದ ಸ್ಪರ್ಧೆಯಲ್ಲಿ ಆಡುತ್ತಿದ್ದುದು ಅದೇ ಪ್ರಥಮ ಬಾರಿ. ಆಕೆಯ ಉಡುಪನ್ನು ಕಂಡೇ ಪ್ರೇಕ್ಷಕರು ಬೆರಗಾದರು. ಮೀನಖಂಡದ ಮಟ್ಟಕ್ಕೆ ನಿಂತ ತೆಳುವಾದ ಲಂಗ, ಗಿಡ್ಡ ತೋಳು, ಬಿಗಿಯಾದ ಒಳಗವಚವಿಲ್ಲ. ಕೆಲವರು ಮೂಗು ಮುರಿದರು. ಆದರೆ ಆಕೆ ಆಡತೊಡಗಿದಾಗ ಆ ಉಡುಪಿನ ಅಗತ್ಯ ಎಲ್ಲರಿಗೂ ತಿಳಿಯಿತು. ನರ್ತಕಿಯಂತೆ ಗಾಳಿಯಲ್ಲಿ ತೇಲಿ, ಚೆಂಡನ್ನು ಮುಟ್ಟಿ, ಮರುಕ್ಷಣವೇ ಮುಂದಿನ ಹೊಡೆತಕ್ಕೆ ಸಿದ್ಧಳಾಗುವ ಆಟಗಾರ್ತಿಯನ್ನು ಅಲ್ಲಿಯ ಜನ ಕಂಡಿರಲಿಲ್ಲ. ಅಂತಿಮ ಪಂದ್ಯದಲ್ಲಿ ಎದುರಾದವಳು ಡೊರೊತಿಯಾ ಲ್ಯಾಂಬರ್ಟ್ ಚೇಂಬರ್ಸ್. ಏಳು ಬಾರಿ ವಿಂಬಲ್ಡನ್ ಗೆದ್ದವಳು, ವಯಸ್ಸು ನಲವತ್ತು. ಹಳೆಯ ಕಾಲದ ಉದ್ದನೆಯ ಲಂಗವನ್ನು ಉಟ್ಟೇ ಆಡಿದಳು. ಐದನೆಯ ಜಾರ್ಜ್ ದೊರೆಯೂ ಮೇರಿ ರಾಣಿಯೂ ಪ್ರೇಕ್ಷಕರ ನಡುವೆ ಇದ್ದರು.

ಆ ಪಂದ್ಯವನ್ನು ಕಂಡವರು ಕೊನೆಯವರೆಗೂ ಅದನ್ನು ಮರೆಯಲಿಲ್ಲ. ಮೊದಲನೆಯ ಸೆಟ್ಟನ್ನು ಸುಝಾನ್ 10-8ರಿಂದ ಗೆದ್ದಳು. ಎರಡನೆಯದನ್ನು ಡೊರೊತಿಯಾ 6-4ರಿಂದ ಮರಳಿ ಪಡೆದಳು. ಮೂರನೆಯ ಸೆಟ್ಟಿನಲ್ಲಿ ಸುಝಾನ್ 4-1ರಿಂದ ಮುಂದಿದ್ದಳು. ವಯಸ್ಸಾದ ಚಾಂಪಿಯನ್ನಳು ಅಲ್ಲಿಂದ ಒಂದೊಂದೇ ಗೇಮನ್ನು ಗಳಿಸುತ್ತ 6-5ಕ್ಕೆ ಬಂದು, ಜಯಕ್ಕೆ ಒಂದೇ ಒಂದು ಅಂಕ ಸಾಕೆನ್ನುವ ಸ್ಥಿತಿಯನ್ನು ತಲಪಿದಳು. ಅಂತಹ ಅವಕಾಶ ಒಂದಲ್ಲ, ಎರಡು ಆಕೆಯ ಕೈಯಲ್ಲಿದ್ದವು. ಮೊದಲನೆಯ ಸಲ ಸುಝಾನ್ ಓಡಿಬಂದು ಚಾಚಿದ ರಾಕೆಟ್ಟಿನ ತಂತಿಗೂ ಚೆಂಡು ಸಿಗಲಿಲ್ಲ. ಮರದ ಚೌಕಟ್ಟಿಗೆ ತಗುಲಿ ಹೇಗೋ ಬಲೆಯನ್ನು ದಾಟಿ ಆಚೆಗೆ ಬಿದ್ದಿತು. ಎರಡನೆಯ ಅವಕಾಶವೂ ಕೈತಪ್ಪಿತು. ಕೊನೆಗೆ 9-7ರಿಂದ ಆ ಸೆಟ್ಟನ್ನೂ ಪಂದ್ಯವನ್ನೂ ಗೆದ್ದವಳು ಸುಝಾನ್. ಒಟ್ಟು 44 ಗೇಮುಗಳು! ಸ್ತ್ರೀಯರ ದೇಹವು ದೀರ್ಘವಾದ ಹೋರಾಟವನ್ನು ತಾಳಲಾರದೆಂದು ಹೇಳುತ್ತಿದ್ದವರಿಗೆ, ಗೂರಲಿನ ಇಪ್ಪತ್ತರ ಯುವತಿಯೂ ನಲವತ್ತರ ಗೃಹಿಣಿಯೂ ಕೂಡಿ ಕೊಟ್ಟ ಉತ್ತರ ಇದಾಗಿತ್ತು.

ಇಲ್ಲಿಂದ ಮುಂದೆ ಜಯಗಳನ್ನು ಎಣಿಸುತ್ತ ಹೋಗಬೇಕಾಗಿಲ್ಲ. 1919ರಿಂದ 1923ರವರೆಗೆ ಐದು ವರ್ಷ ಸತತವಾಗಿ, ಅನಂತರ 1925ರಲ್ಲಿ, ಹೀಗೆ ಆರು ಬಾರಿ ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿ ಆಕೆಯದಾಯಿತು. 1920ರ ಆಂಟ್‌ವರ್ಪ್ ಒಲಿಂಪಿಕ್ ಕ್ರೀಡೆಗಳಲ್ಲಿ ಸಿಂಗಲ್ಸ್ ಚಿನ್ನದ ಪದಕವನ್ನು ಗೆಲ್ಲುವಾಗ ಆಕೆ ಎದುರಾಳಿಗಳೆಲ್ಲರಿಗೂ ಸೇರಿ ಬಿಟ್ಟುಕೊಟ್ಟುದು ನಾಲ್ಕೇ ಗೇಮುಗಳನ್ನು. ಆಕೆಯ ಆಟವನ್ನು ನೋಡಲು ನೆರೆಯುತ್ತಿದ್ದ ಜನಸಂದಣಿಗೆ ವಿಂಬಲ್ಡನ್ನಿನ ಹಳೆಯ ಮೈದಾನ ಇಕ್ಕಟ್ಟಾಯಿತು. 1922ರಲ್ಲಿ ಕ್ಲಬ್ಬು ಈಗಿರುವ ವಿಶಾಲವಾದ ಮೈದಾನಕ್ಕೆ ಸ್ಥಳಾಂತರ ಹೊಂದುವುದಕ್ಕೆ ಸುಝಾನಳ ಜನಪ್ರಿಯತೆಯೂ ಒಂದು ಕಾರಣವೆಂದು ಟೆನಿಸ್ ಇತಿಹಾಸಕಾರರು ಒಪ್ಪುತ್ತಾರೆ.

ಇಷ್ಟು ವರ್ಷಗಳ ನಡುವೆ ಒಂದೇ ಒಂದು ಸೋಲು. ಅದು ಆಕೆಯನ್ನು ಬಹುಕಾಲ ನೋಯಿಸಿದ ಸೋಲು. 1921ರಲ್ಲಿ, ಯುದ್ಧದಿಂದ ಹಾಳಾದ ಫ್ರಾನ್ಸಿನ ಪ್ರದೇಶಗಳಿಗೆ ಧನಸಂಗ್ರಹ ಮಾಡುವ ಉದ್ದೇಶದಿಂದ ಆಕೆ ಹಡಗನ್ನೇರಿ ಅಮೆರಿಕಕ್ಕೆ ಹೊರಟಳು. ತಂದೆಗೆ ಈ ಪ್ರಯಾಣ ಸಮ್ಮತವಿರಲಿಲ್ಲ. ತಾಯಿ ಜೊತೆಗೆ ಹೋದಳು. ಸಮುದ್ರಯಾನದಲ್ಲಿ ಕಾಯಿಲೆಯಾಯಿತು. ದಡ ಸೇರಿದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭವಾಯಿತು. ಶ್ರೇಷ್ಠ ಆಟಗಾರರು ಮೊದಲ ಸುತ್ತುಗಳಲ್ಲಿಯೇ ಪರಸ್ಪರ ಎದುರಾಗದಂತೆ ಬೇರೆ ಬೇರೆ ಕಡೆ ಇರಿಸುವ ಪದ್ಧತಿ ಆಗ ಅಲ್ಲಿ ಇರಲಿಲ್ಲ. ಮೊದಲನೆಯ ಎದುರಾಳಿ ಆಡಲು ಬಾರದೆ ಹೋದುದರಿಂದ, ಸುಝಾನ್ ತನ್ನ ಮೊದಲ ಪಂದ್ಯದಲ್ಲಿಯೇ ಅಮೆರಿಕದ ಚಾಂಪಿಯನ್ ಮೊಲ್ಲಾ ಮ್ಯಾಲರಿಯನ್ನು ಎದುರಿಸಬೇಕಾಯಿತು. ನಾರ್ವೆಯಲ್ಲಿ ಹುಟ್ಟಿದ ಮೊಲ್ಲಾ ಗಟ್ಟಿಮುಟ್ಟಾದ ಮೈಕಟ್ಟಿನವಳು; ಅಂದು ಒಂದೊಂದು ಚೆಂಡನ್ನೂ ಬಲವಾಗಿ ಬೀಸಿ ಹೊಡೆದಳು. ಮೊದಲನೆಯ ಸೆಟ್ಟನ್ನು ಸುಝಾನ್ 2-6ರಿಂದ ಕಳೆದುಕೊಂಡಳು. ಕೆಮ್ಮು ಉಕ್ಕಿ ಬಂತು. ಎರಡನೆಯ ಸೆಟ್ಟಿನ ಆರಂಭದಲ್ಲಿಯೇ ಆಕೆ ಅಂಪೈರನ ಬಳಿಗೆ ಹೋಗಿ, ಇನ್ನು ಆಡಲಾರೆನೆಂದು ತಿಳಿಸಿ ಅಂಗಣವನ್ನು ಬಿಟ್ಟಳು.

ಅಮೆರಿಕದ ಪತ್ರಿಕೆಗಳು ಆಕೆಯನ್ನು ಹಂಗಿಸಿದವು. ಕೆಮ್ಮು ಬರಿಯ ನೆಪ, ಸೋಲಿನ ಭಯವೇ ನಿಜವಾದ ಕಾರಣವೆಂದು ಬರೆದವು. ಗೂರಲಿನವರ ಕಷ್ಟವನ್ನು ಅರಿತವರು ಹೀಗೆ ಹೇಳಲಾರರು. ಆದರೂ ಸೋಲುತ್ತಿರುವಾಗ ಪಂದ್ಯವನ್ನು ಪೂರ್ಣವಾಗಿ ಆಡಿ ಮುಗಿಸುವುದಕ್ಕೆ ಆಕೆ ಎಂದೂ ಅಭ್ಯಾಸ ಪಡೆದಿರಲಿಲ್ಲ ಎಂಬುದೂ ನಿಜವೇ. ಮರುವರ್ಷ ವಿಂಬಲ್ಡನ್ನಿನ ಅಂತಿಮ ಪಂದ್ಯದಲ್ಲಿ ಅದೇ ಮೊಲ್ಲಾ ಎದುರಾದಾಗ ಸುಝಾನ್ 6-2, 6-0ರಿಂದ ಗೆದ್ದಳು. ಆ ಪಂದ್ಯ ಅರ್ಧ ಗಂಟೆಯೂ ನಡೆಯಲಿಲ್ಲ.

1924ರಲ್ಲಿ ಕಾಮಾಲೆ ರೋಗದಿಂದ ಬಳಲಿದ ಸುಝಾನ್ ವಿಂಬಲ್ಡನ್ನಿನ ಸ್ಪರ್ಧೆಯನ್ನು ನಡುವೆಯೇ ತೊರೆಯಬೇಕಾಯಿತು. ಮರುವರ್ಷ ಹಿಂದಿರುಗಿ, ಇಡೀ ಸ್ಪರ್ಧೆಯಲ್ಲಿ ಐದೇ ಗೇಮುಗಳನ್ನು ಕಳೆದುಕೊಂಡು ಪ್ರಶಸ್ತಿಯನ್ನು ಗೆದ್ದಳು. ಅನಂತರ ಬಂದುದು 1926ನೆಯ ವರ್ಷ. ಫೆಬ್ರವರಿ 16ರಂದು ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಆಕೆಗೂ ಅಮೆರಿಕದ ಇಪ್ಪತ್ತು ವರ್ಷದ ಚಾಂಪಿಯನ್ ಹೆಲೆನ್ ವಿಲ್ಸಳಿಗೂ ಪಂದ್ಯ ಏರ್ಪಟ್ಟಿತು. ಪ್ರವೇಶಪತ್ರಗಳಿಗೆ ಎಲ್ಲಿಲ್ಲದ ಬೆಲೆ ಬಂತು. ಸ್ಥಳ ಸಿಕ್ಕದವರು ಮರಗಳನ್ನೂ ಸುತ್ತಮುತ್ತಲ ಮನೆಗಳ ಮಾಡುಗಳನ್ನೂ ಏರಿ ಕುಳಿತರು. ಸುಝಾನ್ ಮೊದಲ ಸೆಟ್ಟನ್ನು 6-3ರಿಂದ ಗೆದ್ದಳು. ಎರಡನೆಯ ಸೆಟ್ಟಿನ ಕೊನೆಯ ಅಂಕವೆಂದು ತೋರಿದ ಹೊಡೆತದಲ್ಲಿ ಚೆಂಡು ಗೆರೆಯ ಹೊರಗೆ ಬಿತ್ತೆಂಬ ಕೂಗು ಕೇಳಿಬಂತು. ಪಂದ್ಯ ಮುಗಿಯಿತೆಂದು ಇಬ್ಬರೂ ಕೈಕುಲುಕಿದರು. ಅಷ್ಟರಲ್ಲಿ ಗೆರೆಯ ತೀರ್ಪುಗಾರನು ಮುಂದೆ ಬಂದು, ಕೂಗಿದವನು ಯಾರೋ ಪ್ರೇಕ್ಷಕ, ಚೆಂಡು ಒಳಗೇ ಬಿದ್ದಿದೆಯೆಂದು ತಿಳಿಸಿದನು. ಗೆದ್ದೆನೆಂದು ನೆಮ್ಮದಿಗೊಂಡಿದ್ದ ಸುಝಾನ್ ಮತ್ತೆ ರಾಕೆಟ್ ಹಿಡಿಯಬೇಕಾಯಿತು. ಆ ಗೇಮನ್ನು ಕಳೆದುಕೊಂಡರೂ ಧೈರ್ಯಗೆಡದೆ ಕೊನೆಗೆ 8-6ರಿಂದ ಗೆದ್ದಳು. ಫಾರೆಸ್ಟ್ ಹಿಲ್ಸ್‌ನ ಅಪವಾದವನ್ನು ನಿಜವಾಗಿ ತೊಳೆದುದು ವಿಂಬಲ್ಡನ್ನಿನ ಸುಲಭವಾದ ಜಯವಲ್ಲ, ಈ ಜಯ.

ಅಂದು ಪ್ರವೇಶಪತ್ರಗಳಿಂದ ಬಂದ ಹಣದಲ್ಲಿ ಆಟಗಾರ್ತಿಯರಿಗೆ ಪಾಲಿರಲಿಲ್ಲ. ಆಗಿನ ನಿಯಮದಂತೆ ದೊಡ್ಡ ಸ್ಪರ್ಧೆಗಳಲ್ಲಿ ಹವ್ಯಾಸಿಗಳು ಮಾತ್ರ ಆಡಬಹುದಾಗಿತ್ತು. ಹವ್ಯಾಸಿಯೆಂದರೆ ಆಟಕ್ಕಾಗಿ ಹಣ ಮುಟ್ಟದವನು. ಗೆದ್ದವರಿಗೆ ಬಟ್ಟಲು, ಪದಕ, ಚಪ್ಪಾಳೆ. ಟಿಕೆಟ್ಟಿನ ಹಣ ಕ್ಲಬ್ಬುಗಳಿಗೂ ಸಂಘಗಳಿಗೂ ಸಲ್ಲುತ್ತಿತ್ತು. ಮನೆಯಲ್ಲಿ ಆಸ್ತಿಯುಳ್ಳವರಿಗೆ ಈ ನಿಯಮ ಗೌರವದ ವಿಷಯ. ಆಸ್ತಿಯಿಲ್ಲದವರಿಗೆ? ಸುಝಾನಳ ತಂದೆ ಕಾಯಿಲೆಯಿಂದ ಕುಗ್ಗಿದ್ದನು. ಕುಟುಂಬದ ಐಶ್ವರ್ಯವೂ ಮೊದಲಿನಂತೆ ಉಳಿದಿರಲಿಲ್ಲ. ಅದೇ ವರ್ಷ ವಿಂಬಲ್ಡನ್ನಿನಲ್ಲಿ ಆಟದ ವೇಳೆಯ ವಿಷಯದಲ್ಲಿ ಗೊಂದಲವಾಗಿ ಮೇರಿ ರಾಣಿ ಆಕೆಗಾಗಿ ಕಾದು ಕುಳಿತುಕೊಳ್ಳುವಂತಾಯಿತು. ರಾಣಿಗೆ ಅವಮಾನ ಮಾಡಿದಳೆಂಬ ಆಪಾದನೆ ಹೊತ್ತ ಸುಝಾನ್ ಮನನೊಂದು ಸ್ಪರ್ಧೆಯಿಂದ ಹಿಂದೆ ಸರಿದಳು. ಆಕೆ ಮತ್ತೆಂದೂ ಅಲ್ಲಿ ಆಡಲಿಲ್ಲ.

ಈ ಸಮಯದಲ್ಲಿ ಅಮೆರಿಕದ ಕ್ರೀಡಾ ವ್ಯವಸ್ಥಾಪಕ ಸಿ. ಸಿ. ಪೈಲ್ ಒಂದು ಪ್ರಸ್ತಾಪವನ್ನು ಮುಂದಿಟ್ಟನು. ಆಟಗಾರರ ತಂಡವೊಂದನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸಿ ಪಂದ್ಯಗಳನ್ನು ಆಡಿಸುವುದು. ಸುಝಾನಳಿಗೆ 50,000 ಡಾಲರು ಸಂಭಾವನೆ. ತಂಡದಲ್ಲಿ ವಿನ್ಸೆಂಟ್ ರಿಚರ್ಡ್ಸ್ ಮೊದಲಾದ ಹೆಸರುವಾಸಿ ಪುರುಷರೂ ಇದ್ದರು. ಆದರೆ ಅವರಲ್ಲಿ ಯಾರಿಗೂ ಅಷ್ಟು ಹಣವಿರಲಿಲ್ಲ. ಪೈಲ್ ಸ್ತ್ರೀಯರ ಹಕ್ಕುಗಳ ಪ್ರತಿಪಾದಕನೇನಲ್ಲ, ವ್ಯಾಪಾರಿ. ಜನರು ಯಾರನ್ನು ನೋಡಲು ಬರುತ್ತಾರೆಂಬ ಲೆಕ್ಕ ಅವನಿಗೆ ಗೊತ್ತಿತ್ತು. ಸುಝಾನ್ ಒಪ್ಪಿದಳು. ಹನ್ನೆರಡು ವರ್ಷ ಚಾಂಪಿಯನ್ ಆಗಿದ್ದ ತಾನು ಇತರರಿಗೆ ಲಕ್ಷಾಂತರ ಫ್ರಾಂಕುಗಳನ್ನು ಗಳಿಸಿಕೊಟ್ಟಿರುವುದಾಗಿಯೂ, ಆಡುವ ಅವಕಾಶಕ್ಕಾಗಿ ತಾನೇ ಪ್ರವೇಶಶುಲ್ಕ ತೆತ್ತಿರುವುದಾಗಿಯೂ, ಯಾವ ವೃತ್ತಿಯಲ್ಲಿ ಯಾರು ದುಡಿದಿದ್ದರೂ ಅವರಷ್ಟೇ ಶ್ರಮವನ್ನು ಈ ಆಟಕ್ಕಾಗಿ ಪಟ್ಟಿರುವುದಾಗಿಯೂ ಆಕೆ ಬಹಿರಂಗವಾಗಿ ಬರೆದಳು. ಹಣವಂತರು ಮಾತ್ರ ಆಡಬಲ್ಲಂತಹ ನಿಯಮವು ನ್ಯಾಯವೇ ಎಂದು ಕೇಳಿದಳು. ಆ ಪ್ರಶ್ನೆಗೆ ಅಂದು ದೊರೆತ ಉತ್ತರ ಬಹಿಷ್ಕಾರ. ವಿಂಬಲ್ಡನ್ನಿನ ಕ್ಲಬ್ಬು ಆಕೆಗೆ ನೀಡಿದ್ದ ಗೌರವ ಸದಸ್ಯತ್ವವನ್ನು ಕಿತ್ತುಕೊಂಡಿತು.

1926ರ ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ಸುಮಾರು 13,000 ಜನ ನೆರೆದಿದ್ದರು. ಸುಝಾನಳ ಎದುರಾಳಿ ಮೇರಿ ಬ್ರೌನ್, ಮೂರು ಬಾರಿ ಅಮೆರಿಕದ ಚಾಂಪಿಯನ್ ಆಗಿದ್ದವಳು, ವಯಸ್ಸು ಮೂವತ್ತೈದು. ಮುಂದಿನ ನಾಲ್ಕು ತಿಂಗಳ ಕಾಲ ಇವರು ಅಮೆರಿಕ, ಕೆನಡಾ, ಕ್ಯೂಬಾಗಳ ನಗರಗಳಲ್ಲಿ ಸಂಚರಿಸಿದರು. ಇಬ್ಬರ ನಡುವೆ 38 ಪಂದ್ಯಗಳು ನಡೆದವು. 38ರಲ್ಲಿಯೂ ಸುಝಾನಳೇ ಗೆದ್ದಳು. ಅಂದು ಗೆದ್ದವಳ ಹೆಸರಿಗಿಂತ ಆಟದ ಸೊಬಗನ್ನು ನೋಡಲು ಜನ ಬಂದರೆಂದು ಭಾವಿಸಬೇಕು. ಆಮೇಲೆ 1927ರಲ್ಲಿ ಇಂಗ್ಲೆಂಡಿನಲ್ಲಿ ಕೆಲವು ಪಂದ್ಯಗಳನ್ನು ಆಡಿ ಸುಝಾನ್ ಸ್ಪರ್ಧೆಗಳಿಂದ ನಿವೃತ್ತಳಾದಳು. ವೃತ್ತಿ ಟೆನಿಸ್ ಆಗಿನ್ನೂ ನೆಲೆಯೂರಿರಲಿಲ್ಲ. ಆಕೆಯೊಡನೆ ಸರಿಸಮವಾಗಿ ಆಡಬಲ್ಲ ಸ್ತ್ರೀಯರೆಲ್ಲ ಹವ್ಯಾಸಿಗಳ ಅಂಗಣದಲ್ಲಿಯೇ ಉಳಿದಿದ್ದರು. ಆ ಅಂಗಣಕ್ಕೆ ಆಕೆಗೆ ಪ್ರವೇಶವಿರಲಿಲ್ಲ.

ಉಳಿದ ವರ್ಷಗಳನ್ನು ಸುಝಾನ್ ಪ್ಯಾರಿಸಿನಲ್ಲಿ ಕಳೆದಳು. ಉಡುಪಿನ ಅಂಗಡಿಯೊಂದರಲ್ಲಿ ಕ್ರೀಡಾ ವಸ್ತ್ರಗಳ ಕೆಲಸವನ್ನು ಕೆಲಕಾಲ ಮಾಡಿದಳು. ತಂದೆ 1929ರಲ್ಲಿ ತೀರಿಕೊಂಡನು. ಅನಂತರ ಆಕೆ ಪ್ಯಾರಿಸಿನಲ್ಲಿ ಟೆನಿಸ್ ಶಾಲೆಯನ್ನು ತೆರೆದು ಮಕ್ಕಳಿಗೂ ತರುಣರಿಗೂ ಆಟವನ್ನು ಕಲಿಸಿದಳು. ಒಂದು ಕಾಲದಲ್ಲಿ ಆಕೆಯನ್ನು ದೂರವಿರಿಸಿದ್ದ ಫ್ರೆಂಚ್ ಟೆನಿಸ್ ಸಂಘವು 1936ರಲ್ಲಿ ಆ ಶಾಲೆಗೆ ಮನ್ನಣೆ ನೀಡಿತು. ಆದರೆ ಎಳವೆಯಿಂದ ಬೆನ್ನು ಬಿಡದ ಅನಾರೋಗ್ಯವು ಈಗ ರಕ್ತಹೀನತೆಯ ಘೋರ ರೂಪದಲ್ಲಿ ಮರಳಿ ಬಂತು. 1938ರ ಜುಲೈ 4ರಂದು ಸುಝಾನ್ ಮರಣ ಹೊಂದಿದಳು. ಆಗ ಆಕೆಯ ವಯಸ್ಸು ಮೂವತ್ತೊಂಬತ್ತು. ಎರಡೇ ದಿನಗಳ ಹಿಂದೆ ವಿಂಬಲ್ಡನ್ನಿನಲ್ಲಿ ಹೆಲೆನ್ ವಿಲ್ಸ್ ತನ್ನ ಎಂಟನೆಯ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದಿದ್ದಳು.

ವೃತ್ತಿ ಆಟಗಾರರಿಗೆ ವಿಂಬಲ್ಡನ್ನಿನ ಬಾಗಿಲು ತೆರೆದುದು ಆಕೆ ಸತ್ತ ಮೂವತ್ತು ವರ್ಷಗಳ ಮೇಲೆ, 1968ರಲ್ಲಿ. ಆ ವರ್ಷ ಗೆದ್ದ ಪುರುಷನಿಗೆ 2,000 ಪೌಂಡು, ಗೆದ್ದ ಸ್ತ್ರೀಗೆ 750 ಪೌಂಡು ಬಹುಮಾನ. ಪುರುಷರು ಬಲಿಷ್ಠರು, ಅವರು ಐದು ಸೆಟ್ಟುಗಳ ಪಂದ್ಯವನ್ನಾಡುತ್ತಾರೆ, ಸ್ತ್ರೀಯರದು ಮೂರೇ ಸೆಟ್ಟು ಎಂಬುದು ಈ ತಾರತಮ್ಯಕ್ಕೆ ಕೊಡುತ್ತಿದ್ದ ಸಮರ್ಥನೆ. ಸುಝಾನಳ ಆಟಕ್ಕಾಗಿ ಮಾಡು ಹತ್ತಿ ಕುಳಿತವರು ಸೆಟ್ಟುಗಳನ್ನು ಎಣಿಸಿ ಟಿಕೆಟ್ಟು ಕೊಂಡವರಲ್ಲ. ಆದರೆ ಆ ಮಾತು ಅಷ್ಟು ಹೊತ್ತಿಗೆ ಮರೆತುಹೋಗಿತ್ತು. ಸ್ತ್ರೀ ಪುರುಷರಿಬ್ಬರಿಗೂ ಸಮಾನ ಬಹುಮಾನವನ್ನು ಮೊದಲು ಕೊಟ್ಟ ದೊಡ್ಡ ಸ್ಪರ್ಧೆ ಅಮೆರಿಕದ್ದು. ಅದು 1973ರಲ್ಲಿ ಫಾರೆಸ್ಟ್ ಹಿಲ್ಸ್‌ನಲ್ಲಿಯೇ ನಡೆಯಿತು. ಗೆದ್ದ ಜಾನ್ ನ್ಯೂಕೋಂಬ್ ಹಾಗೂ ಮಾರ್ಗರೆಟ್ ಕೋರ್ಟ್ ತಲಾ 25,000 ಡಾಲರು ಪಡೆದರು. ಪ್ಯಾರಿಸಿನಲ್ಲಿ ನಡೆಯುವ ಫ್ರೆಂಚ್ ಓಪನ್ ಸ್ಪರ್ಧೆಯಲ್ಲಿ ಗೆದ್ದ ಸ್ತ್ರೀಗೆ ನೀಡುವ ಬಟ್ಟಲಿಗೆ ಸುಝಾನ್ ಲೆಂಗ್ಲೆನಳ ಹೆಸರಿದೆ. ಅಲ್ಲಿಯ ಒಂದು ದೊಡ್ಡ ಅಂಗಣಕ್ಕೂ 1997ರಲ್ಲಿ ಆಕೆಯ ಹೆಸರನ್ನು ಇಡಲಾಯಿತು. ಆ ಸ್ಪರ್ಧೆಯ ವಿಜೇತರಿಗೆ ಸಮಾನ ಬಹುಮಾನ ದೊರೆತುದು 2006ರಲ್ಲಿ. ಆಕೆಯ ಸದಸ್ಯತ್ವವನ್ನು ಕಿತ್ತುಕೊಂಡಿದ್ದ ವಿಂಬಲ್ಡನ್ 2007ರಲ್ಲಿ ಪುರುಷರ ಚಾಂಪಿಯನ್ ರೋಜರ್ ಫೆಡರರನಿಗೂ ಸ್ತ್ರೀಯರ ಚಾಂಪಿಯನ್ ವೀನಸ್ ವಿಲಿಯಮ್ಸಳಿಗೂ ತಲಾ 7,00,000 ಪೌಂಡುಗಳನ್ನು ನೀಡಿತು.